ಹೊಸ ಡ್ರಮ್ಮಿನ ಪಾನಕ

ಅಣೆಕಟ್ಟು ಕಟ್ಟಿ ಶರಾವತಿಯ ನೀರು ಏರಿ ಅಕ್ಕನ ಗಂಡನ ಮನೆ, ಗದ್ದೆ ಎಲ್ಲ ಮುಳುಗಿದ ಮೇಲೆ ಅವರಿಗೆ ಹೊಸನಗರದ ಹತ್ತಿರ ಜಾಗ ಸಿಕ್ಕಿತು. ಅಲ್ಲಿ ಕಟ್ಟಿದ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನಾನೂ ಹೋಗಿದ್ದೆ. ನನಗಿನ್ನೂ ಮದುವೆಯಾಗಿರಲಿಲ್ಲ.

ಮನೆಯ ಹಳೆಯ ತಾಮ್ರದ ಹಂಡೆಯ ಕಲಾಯಿ ಹೋಗಿ ಒಳಗೆಲ್ಲ ಹಸಿರು ಕಿಲುಬು ಕಟ್ಟಿತ್ತು. ಅದಕ್ಕೇ ಭಾವ ಸಾಗರದ ಪೇಟೆಯಿಂದ ಜಿಂಕ್ ತಗಡಿನ ಡ್ರಮ್ಮು ತಂದಿದ್ದರು.

"ಆ ಕಿಲುಬಲ್ಲಿ ಪಾನಕ ಮಾಡಿ ನೆಂಟ್ರನ್ನ ಕೊಲ್ಲೋದು ಬ್ಯಾಡ. ಇದು ಹೆಂಗೆ ಹೊಳೀತದೆ ನೋಡು," ಎಂದು ಡ್ರಮ್ಮಿನ ಹೊಟ್ಟೆ ತಟ್ಟಿದ್ದರು.

ಹಿಂದಿನ ಸಂಜೆಯೇ ಬೆಲ್ಲ ಕರಗಿಸಿ, ನಿಂಬೆಯಂಥ ಹುಳಿ ಕಂಚಿಕಾಯಿ ಹಿಂಡಿ, ಡ್ರಮ್ಮಿನ ಮುಕ್ಕಾಲು ಭಾಗ ಪಾನಕ ಮಾಡಿಟ್ಟೆವು. ಕಂಚಿಕಾಯಿ ತಂದುಕೊಟ್ಟು ನಮ್ಮ ಜೊತೆ ಕೂತು ಹಿಂಡಿದವಳು ಪಕ್ಕದ ಮನೆಯ ವಿಧವೆ. ಆ ಊರಲ್ಲಿ ಅಕ್ಕನನ್ನು ಮೊದಲು ಮಾತಾಡಿಸಿದವಳೂ ಅವಳೇ. ಅಕ್ಕನ ಅತ್ತೆ ಅವಳನ್ನು ಬಾಯಿ ತುಂಬ "ತಂಗೀ" ಎನ್ನುತ್ತಿದ್ದರು.

ಮರುದಿನ ಬಿಸಿಲಲ್ಲಿ ನಡೆದು ಬಂದವರೆಲ್ಲ ಲೋಟಗಟ್ಟಲೆ ಕುಡಿದರು. ಕೊಡುವ ಗಡಿಬಿಡಿಯಲ್ಲಿ ನನಗೆ ಕುಡಿಯಲಾಗಲಿಲ್ಲ. ಹೋಮ ಮುಗಿಯುವ ಮೊದಲೇ ಭಾವನ ಚಿಕ್ಕಪ್ಪ ಚಪ್ಪರದ ಕಂಬ ಹಿಡಿದು ವಾಂತಿ ಮಾಡಿದರು. ಅವರನ್ನು ಹಿಡಿಯಲು ಓಡಿದ ಭಾವ ಅಲ್ಲೇ ಹೊಟ್ಟೆ ಅದುಮಿಕೊಂಡು ಕುಸಿದರು. ನೋಡನೋಡುತ್ತ ಅಂಗಳದ ತುಂಬ ಜನ ಬಾಗಿ ಕಕ್ಕುತ್ತಿದ್ದರು. ಹೊಸ ಸೀರೆಯುಟ್ಟ ಹೆಂಗಸರು ಮಣ್ಣಲ್ಲೇ ಮಲಗಿಬಿಟ್ಟರು. ನನ್ನ ಕೈಯ ತಟ್ಟೆ ಯಾವಾಗ ಬಿತ್ತೋ ನನಗೇ ಗೊತ್ತಾಗಲಿಲ್ಲ.

ಆ ವಿಧವೆ ಬೇಲಿಯ ಕಡೆಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದಳು. ಅವಳನ್ನು ಕಂಡದ್ದೇ ತಡ, ಅತ್ತೆ ಕೂಗಿದರು:

"ಕಂಚಿಕಾಯಿ ಅಂತ ಎಂತ ಹಾಕಿದ್ಯೇ? ನಮ್ ಮನೆ ತುಂಬೋದು ನಿನ್ ಕಣ್ಣಿಗೆ ಆಗ್ಲಿಲ್ವಾ?"

ಅವಳು ಬಂದ ದಾರಿಯಲ್ಲೇ ತಿರುಗಿದಳು. ಬೇಲಿ ಹಿಡಿದುಕೊಂಡೇ ತನ್ನ ಮನೆಗೆ ಹೋದಳು.

ಯಾರದೋ ಜೀಪಿನಲ್ಲಿ ಹೊಸನಗರದಿಂದ ಡಾಕ್ಟರು ಬಂದರು. ಒಬ್ಬೊಬ್ಬರನ್ನೇ ನೋಡಿ, ಎಲ್ಲರೂ ಏನು ಕುಡಿದಿರಿ ಎಂದು ಕೇಳಿ, ನೇರ ಡ್ರಮ್ಮಿನ ಹತ್ತಿರ ಹೋಗಿ ಬಗ್ಗಿದರು. ಪಾನಕ ಮುಟ್ಟದ ಮೇಲ್ಭಾಗ ಫಳಫಳ ಹೊಳೆಯುತ್ತಿತ್ತು. ಕೆಳಗೆ ಬೂದಿ ಬಳಿದಂತೆ ಮಂಕಾಗಿತ್ತು.

"ವಿಷ ಯಾರೂ ಹಾಕಿಲ್ಲ. ಇದರ ಒಳಗೆ ಸತುವಿನ, ಅಂದ್ರೆ ಜಿಂಕಿನ ಲೇಪ ಇದೆ. ರಾತ್ರಿಯೆಲ್ಲ ನಿಂತ ಹುಳಿ ಅದನ್ನ ಕರಗಿಸಿದೆ," ಎಂದರು.

"ಹೊಸ್ದಲ್ವಾ ಡಾಕ್ಟ್ರೇ?" ಎಂದರು ಭಾವ, ಮಲಗಿದಲ್ಲಿಂದಲೇ.

"ಹೊಸದಾದ್ರೆ ಸತುವೂ ಜಾಸ್ತಿ. ಇದರಲ್ಲಿ ಸ್ನಾನದ ನೀರು ತುಂಬಿಡಿ. ಹುಳಿಗೆ ಕಲಾಯಿ ಹಾಕಿಸಿದ ಪಾತ್ರೆ, ಇಲ್ಲ ಮಣ್ಣಿನ ಗಡಿಗೆ."

ಸಂಜೆ ಹೊತ್ತಿಗೆ ಎಲ್ಲರೂ ಎದ್ದು ಕೂತರು. ಅತ್ತೆ ಯಾರಿಗೂ ಹೇಳದೆ ಗಂಜಿಯ ಪಾತ್ರೆ ಹಿಡಿದು ಪಕ್ಕದ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಆ ಹೆಂಗಸು ಚಾಪೆಯ ಮೇಲೆ ಮುದುಡಿಕೊಂಡು ಒಬ್ಬಳೇ ಮಲಗಿದ್ದಳು. ಪಕ್ಕದಲ್ಲಿ ವಾಂತಿಗೆಂದು ಬೂದಿ ಹಾಕಿಟ್ಟ ಬೋಗುಣಿ.

"ನಾನೂ ಕುಡ್ದಿದ್ದೆ ಅಮ್ಮಾ," ಎಂದಳು. "ಅದ್ನ ಯಾರೂ ಕೇಳ್ಲಿಲ್ಲ."

ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು. "ನನ್ ನಾಲಿಗೆ ಸುಡ್ಲಿ," ಎಂದು ಗಂಜಿಯ ಪಾತ್ರೆಯನ್ನು ಚಾಪೆಯತ್ತ ಸರಿಸಿದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಬಹಳ ಹೊತ್ತಿನ ಮೇಲೆ ಎದ್ದು, ಗೋಡೆಗೆ ಒರಗಿ, ಗಂಜಿಗೆ ಕೈ ಚಾಚಿದಳು. ಅವಳು ಕುಡಿದು ಮುಗಿಸುವವರೆಗೂ ಅತ್ತೆ ಅಲ್ಲಿಂದ ಏಳಲಿಲ್ಲ.