ಅತ್ತೆಗೆ ತೋರಿಸಿದ ಮೂಲಾ ನಕ್ಷತ್ರ

ನಾನು ಟೆಲಿಸ್ಕೋಪು ಕೊಂಡದ್ದು ಆಕಾಶದ ಮೇಲಿನ ಪ್ರೀತಿಯಿಂದಲ್ಲ, ನನ್ನ ಸೋದರತ್ತೆಯ ಮೇಲಿನ ಸಿಟ್ಟಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ವಿಜ್ಞಾನದ ಹುಚ್ಚಿನವಳು ಎಂದು ಹೊಗಳುವುದು ಬೇಡ.

ಸೋದರತ್ತೆ ಅಂದರೆ ಅಪ್ಪನ ಅಕ್ಕ. ಮಳವಳ್ಳಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ನಾನು ತೊಟ್ಟಿಲಲ್ಲಿದ್ದಾಗಲೇ "ಇವಳು ನನ್ನ ಸೊಸೆ" ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದಳಂತೆ. ಅವಳ ಮಗ ನನಗಿಂತ ಐದು ವರ್ಷ ದೊಡ್ಡವನು. ನಮ್ಮ ಜನದಲ್ಲಿ ಸೋದರತ್ತೆಯ ಮಗನಿಗೆ ಮೊದಲ ಹಕ್ಕು, ಹಾಗಾಗಿ ಬೇರೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ನನಗೂ ಅವನೇ ಗಂಡ ಎಂದು ಮನಸ್ಸಿನಲ್ಲಿ ಕೂತುಹೋಗಿತ್ತು. ಇಪ್ಪತ್ತೆರಡು ತುಂಬಿದಾಗ ಲಗ್ನದ ಮಾತಿಗೆಂದು ಮೊದಲ ಸಲ ನನ್ನ ಜಾತಕ ಬರೆಸಿದರು. ಅತ್ತೆ ಅದನ್ನು ಹಿಡಿದುಕೊಂಡು ನಮ್ಮ ಜಗುಲಿಯ ಮೇಲೆ, ಇಪ್ಪತ್ತು ಜನರೆದುರು ಹೇಳಿದಳು:

"ಉಡುಗಿ ಮೂಲಾ ನಕ್ಸತ್ರ ಕಣಪ್ಪ. ಮೂಲಾದೋಳು ಮಾವನಿಗೆ ಆಗಕಿಲ್ಲ. ಇವಳ್ನ ಮನೆ ತುಂಬುಸ್ಕೊಂಡ್ರೆ ನಮ್ ಯಜಮಾನ್ರು ಉಳೀತಾರಾ? ನಮ್ಗೆ ಬ್ಯಾಡ, ಬುಡು."

ನಾನು ಒಳಗೆ ಕಾಫಿ ಲೋಟ ಜೋಡಿಸುತ್ತಿದ್ದೆ. ಅಷ್ಟೂ ಜನ ಆ ಕಾಫಿ ಕುಡಿದೇ ಹೋದರು.

ಮೂಲಾ ನಕ್ಷತ್ರದ ಹುಡುಗಿಗೆ ನಮ್ಮ ಕಡೆ ಒಂದು ದಾರಿ ಇದೆ. ಮಾವ ಇಲ್ಲದ ಮನೆ ಹುಡುಕಬೇಕು. ಅದೇ ಶುರುವಾಯಿತು. ಹುಡುಗನ ಓದು, ಕೆಲಸ ಏನನ್ನೂ ಕೇಳುವ ಮೊದಲು ಅಪ್ಪ ಕೇಳುತ್ತಿದ್ದದ್ದು ಒಂದೇ, "ಅವರಪ್ಪ ಇದ್ದಾರಾ?" ಇದ್ದಾರೆ ಎಂದರೆ ಅಪ್ಪನ ಮುಖ ಬಾಡುತ್ತಿತ್ತು. ಕೊನೆಗೆ ಸಿಕ್ಕವರು ಒಳ್ಳೆಯ ಮನುಷ್ಯ. ಸರ್ಕಾರಿ ಬಸ್ಸು ಓಡಿಸುವವರು, ಮಂಡ್ಯದಲ್ಲಿ ಸ್ವಂತ ಮನೆ, ಕುಡಿತ ಇಲ್ಲ. ಆದರೆ ನನ್ನನ್ನು ಕೊಟ್ಟದ್ದು ಅವರನ್ನು ನೋಡಿ ಅಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಅವರ ಅಪ್ಪನ ಫೋಟೋ ನೋಡಿ. ಇದನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ನೆರಳೂ ಬೀಳದ ಸೋದರತ್ತೆಯ ಮನೆಯಲ್ಲಿ ನಾಲ್ಕು ವರ್ಷಕ್ಕೆ ಅವಳ ಗಂಡ ತೀರಿಕೊಂಡರು. ಸಕ್ಕರೆ ಕಾಯಿಲೆ, ಪಥ್ಯ ಮಾಡಲಿಲ್ಲ. ನಿಜ ಹೇಳುತ್ತೇನೆ, ಸಾವಿನ ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಹೊಟ್ಟೆ ತಣ್ಣಗಿತ್ತು. ಈಗೇನು ಹೇಳುತ್ತಾಳೋ ನೋಡೋಣ ಎಂದುಕೊಂಡೇ ಹೋದೆ. ಅವಳು ಹೇಳಿದಳು. ಹೆಣದ ಮುಂದೆ ಎದೆ ಬಡಿದುಕೊಳ್ಳುತ್ತ, "ಆ ಮೂಲಾದೋಳ ಎಸ್ರು ಈ ಮನೇಲಿ ಎತ್ತಿದ್ಕೇ ಇಂಗಾಯ್ತಲ್ಲಪ್ಪೋ" ಎಂದು ಅತ್ತಳು. ಹೆಂಗಸರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಈ ಮಾತನ್ನು ಅವಳ ಬಾಯಿಂದಲೇ ವಾಪಸ್ಸು ತೆಗೆಸಬೇಕು ಎಂದು ಆ ದಿನ ಗಟ್ಟಿ ಮಾಡಿಕೊಂಡೆ.

ಇಪ್ಪತ್ತಾರು ವರ್ಷ ಕಾದೆ.

ನಾನು ಲ್ಯಾಬ್ ಟೆಕ್ನೀಷಿಯನ್. ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಾಗ ಅದೇ ಸೋದರತ್ತೆಯ ಮಗನ ಹೆಂಡತಿ ಅಲ್ಲಿಗೇ ಹೆರಿಗೆಗೆ ಬಂದಳು. ಹೆಣ್ಣುಮಗು. ಮಗುವಿನ ರಕ್ತದ ಗುಂಪು ನೋಡಿದವಳು ನಾನೇ, ಚೀಟಿಯಲ್ಲಿ ಹುಟ್ಟಿದ ಗಂಟೆ ನಿಮಿಷ ಇತ್ತು. ಮನೆಗೆ ಬಂದು ಪಂಚಾಂಗ ತೆಗೆದೆ. ಮೂಲಾ! ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ. ಈಗ ಆ ಹುಡುಗಿಗೆ ಇಪ್ಪತ್ತನಾಲ್ಕು. ಮದ್ದೂರಿನ ಕಡೆಯಿಂದ ಒಳ್ಳೆಯ ಸಂಬಂಧ ಬಂದಿದೆ, ಹುಡುಗನ ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಜಾತಕದಲ್ಲಿ ಹುಟ್ಟಿದ ಹೊತ್ತನ್ನು ಒಂದಷ್ಟು ಮುಂದಕ್ಕೆ ತಳ್ಳಿ, ಮೂಲಾದ ಮುಂದಿನ ನಕ್ಷತ್ರ ಪೂರ್ವಾಷಾಢ ಎಂದು ಬರೆಸಿದ್ದಾರೆ ಅನ್ನುವುದು ನೆಂಟರ ಬಾಯಲ್ಲಿ ನನಗೆ ತಿಳಿಯಿತು.

ಆ ವಾರವೇ ಟೆಲಿಸ್ಕೋಪು ನೋಡಲು ಬೆಂಗಳೂರಿಗೆ ಹೋದೆ.

ಅಂಗಡಿಯವರು ಮೊದಲು ತೋರಿಸಿದ್ದು ಡಬ್ಬದ ಮೇಲೆ ಇಷ್ಟು ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿದ್ದ ಒಂದು ಕೊಳವೆಯನ್ನು. ಬೆರಳು ತಾಗಿದರೆ ಅದರ ಕಾಲು ನಡುಗುತ್ತಿತ್ತು. ಅರ್ಧ ಆಯುಸ್ಸು ಮೈಕ್ರೋಸ್ಕೋಪಿನ ಮುಂದೆ ಕೂತವಳು ನಾನು, ಎಷ್ಟು ಪಟ್ಟು ಅನ್ನುವ ಮಾತಿಗೆ ಮರುಳಾಗುವುದಿಲ್ಲ. ಗಾಜು ಎಷ್ಟು ಅಗಲ, ನಿಲ್ಲುವ ಕಾಲು ಎಷ್ಟು ಗಟ್ಟಿ ಎಂದು ಕೇಳಿದೆ. ಅಂಗಡಿಯವರು ಸ್ವಲ್ಪ ಮರ್ಯಾದೆಯಿಂದ ಕೂರಿಸಿ, "ಏನು ನೋಡಬೇಕಮ್ಮಾ ನಿಮಗೆ?" ಎಂದರು.

"ಒಂದೇ ಒಂದು ನಕ್ಷತ್ರ."

"ನಕ್ಷತ್ರ ಎಂಥಾ ಟೆಲಿಸ್ಕೋಪಲ್ಲಿ ನೋಡಿದರೂ ಚುಕ್ಕಿಯೇ. ಚಂದ್ರ, ಶನಿ ಆದರೆ ಚೆನ್ನಾಗಿ ಕಾಣುತ್ತೆ."

ಚುಕ್ಕಿಯೇ ಬೇಕಿತ್ತು ನನಗೆ. ಇಷ್ಟೇನಾ ಎಂದು ಅತ್ತೆಯ ಬಾಯಲ್ಲಿ ಬರಬೇಕಿತ್ತು. ಕೈಯಿಂದ ತಿರುಗಿಸುವ ಟೆಲಿಸ್ಕೋಪಿನಲ್ಲಿ ಅದೇ ಬೆಲೆಗೆ ಇನ್ನೂ ದೊಡ್ಡ ಗಾಜು ಸಿಗುತ್ತದೆ, ಆಕಾಶವೂ ಕಲಿತ ಹಾಗಾಗುತ್ತದೆ ಎಂದು ಅವರು ಬುದ್ಧಿ ಹೇಳಿದರು. ನಾನು ಕೇಳಲಿಲ್ಲ. ಅತ್ತೆಯ ಮುಂದೆ ಕತ್ತಲಲ್ಲಿ ತಡಕಾಡುತ್ತ ನಿಲ್ಲಲು ನನಗೆ ಆಗದು. ಗುಂಡಿ ಒತ್ತಿದರೆ ತಾನೇ ತಿರುಗಿ, ಇಗೋ ಎಂದು ತೋರಿಸುವ ಕಂಪ್ಯೂಟರಿನದೇ ಕೊಂಡೆ. ಒಂದು ತೋಳು, ಮೂರು ಕಾಲು, ವೈರಿನ ತುದಿಗೆ ಟಿವಿ ರಿಮೋಟಿನಂಥ ಒಂದು ಡಬ್ಬಿ.

ಮನೆಗೆ ತಂದಾಗ ನನ್ನ ಗಂಡ, "ಏನೇ ಇದು, ಫಿರಂಗಿ ತಂದ್ಬುಟ್ಯಾ?" ಎಂದರು. ನಾನು ಒಳಗೆ ಅನ್ನಕ್ಕಿಟ್ಟು ಬರುವಷ್ಟರಲ್ಲಿ ಅದಕ್ಕೆ ಪೂಜೆ ಮುಗಿಸಿದ್ದರು. ಬಸ್ಸಿನ ಮುಂದಿನ ಗಾಜಿಗೆ ದಿನಾ ಹಚ್ಚುವ ಹಾಗೆ ಟೆಲಿಸ್ಕೋಪಿನ ಗಾಜಿಗೂ ಮೂರು ಪಟ್ಟೆ ವಿಭೂತಿ, ನಡುವೆ ದುಂಡಗೆ ಕುಂಕುಮ.

"ಅಯ್ಯೋ, ಅದು ಕಣ್ಣು ಕಣ್ರೀ!"

"ಮತ್ತೆ ಅಣೆ ಯಾವ್ದೇ ಇದ್ಕೆ?" ಎಂದು ಕೇಳಿದರು, ಕೈಯಲ್ಲಿ ಕರ್ಪೂರ ಹಿಡಿದುಕೊಂಡೇ.

ಲ್ಯಾಬಿನಿಂದ ಮಸೂರ ಒರೆಸುವ ಕಾಗದ ತಂದು, ಮೊದಲು ಪುಡಿಯನ್ನೆಲ್ಲ ಊದಿ, ಆಮೇಲೆ ಒಂದೊಂದೇ ಹನಿ ದ್ರಾವಣ ಬಿಟ್ಟು ಎರಡು ಸಂಜೆ ಕೂತು ತೆಗೆದೆ. ಅಂಚಿನಲ್ಲಿ ಒಂದಿಷ್ಟು ಕೆಂಪು ಹಾಗೇ ಉಳಿಯಿತು.

ಹಿತ್ತಲಲ್ಲಿ ತೆಂಗಿನಮರ ಅಡ್ಡ ಬರುವುದರಿಂದ ತಾರಸಿಯ ಮೇಲೆ ಇಟ್ಟೆವು. ಮೊದಲ ದಿನ ಊರು, ಹೊತ್ತು, ತಾರೀಕು ಕೊಟ್ಟು ಗುಂಡಿ ಒತ್ತಿದರೆ ಅದು ಗುರ್ರೆಂದು ತಿರುಗಿ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಮುಖ ಮಾಡಿ ನಿಂತಿತು. ಪುಸ್ತಕ ಓದಿದಾಗ ತಿಳಿಯಿತು, ಆ ಡಬ್ಬಿಗೆ ತಿಂಗಳು ಮೊದಲು, ದಿನ ಆಮೇಲೆ. ನಾನು ನಮ್ಮ ಹಾಗೆ ದಿನ ಮೊದಲು ಕೊಟ್ಟಿದ್ದೆ. ಇನ್ನೊಂದು ದಿನ ಸೆಲ್ಲು ಸೊರಗಿ ದಾರಿ ತಪ್ಪಿತು. ಗಂಡ ಹಳೇ ಸ್ಕೂಟರಿನ ಬ್ಯಾಟರಿ ಕಟ್ಟಿಕೊಟ್ಟರು, ಗಾರೆಯವರ ಹತ್ತಿರ ರಸಮಟ್ಟ ಇಸಿದುಕೊಂಡು ಬಂದು ಮೂರು ಕಾಲನ್ನೂ ಸಮ ಮಾಡಿದರು. ಎರಡು ದೊಡ್ಡ ನಕ್ಷತ್ರಗಳನ್ನು ನಾವು ಹಿಡಿದು ತೋರಿಸಿದರೆ ಉಳಿದದ್ದನ್ನೆಲ್ಲ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ವಾಯುವ್ಯದಲ್ಲಿ ಅಭಿಜಿತ್, ನೆತ್ತಿಯ ಹತ್ತಿರ ಶ್ರವಣ. ಪಟ್ಟಿಯಲ್ಲಿ ಮೂಲಾ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಚೇಳಿನಾಕಾರದ ನಕ್ಷತ್ರಪುಂಜದ ಬಾಲದ ತುದಿಯೇ ನಮ್ಮ ಮೂಲಾ, ಅದಕ್ಕೆ ಇಂಗ್ಲಿಷಿನವರು ಶೌಲಾ ಎನ್ನುತ್ತಾರೆ. ಅದನ್ನು ಒತ್ತಿದೆ. ಗಾಜಿನ ನಡುವೆ ನೀಲಿ ಮಿಶ್ರದ ಬಿಳಿ ಚುಕ್ಕಿ ಬಂದು ನಿಂತಿತು. ನನ್ನ ಬಾಳು ತಿರುಗಿಸಿದ್ದು ಇದೇ. ಒಂದು ಕೆಟ್ಟ ಬೈಗುಳ ಬೈದೆ.

ಅಷ್ಟರಲ್ಲಿ ಮದ್ದೂರಿನ ಹುಡುಗನ ಅಪ್ಪನೇ ನನಗೆ ಫೋನ್ ಮಾಡಿದರು. ಸಂಬಂಧ ಕುದುರಿಸುವ ಮುಂಚೆ ಹೀಗೆ ದೂರದ ನೆಂಟರ ಹತ್ತಿರ ವಿಚಾರಿಸುವುದು ವಾಡಿಕೆ. "ಪೂರ್ವಾಷಾಢ ಅಂತ ಬರೆದವ್ರೆ, ಸರಿ ಅಲ್ವಾ ತಾಯಿ? ನೀವು ಆಗ ಆಸ್ಪತ್ರೇಲಿದ್ರಂತೆ" ಎಂದರು. ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಹುಡುಗಿ ನನಗೇನು ಮಾಡಿದ್ದಾಳೆ? ಅವಳಿಗೂ ಮಾವ ಇಲ್ಲದ ಮನೆ ಹುಡುಕುತ್ತ ಹೊರಡಬೇಕೆ? "ಸರಿಯಾಗೇ ಇದೆ, ಹುಡುಗಿ ಚಿನ್ನ, ಮಾಡಿಕೊಳ್ಳಿ" ಎಂದೆ.

ಅತ್ತೆಗೆ ಮಾತ್ರ ಇದನ್ನು ಹೇಳಲಿಲ್ಲ. ಅವಳಿಗೆ ಬೇರೆ ಫೋನ್ ಮಾಡಿದೆ. "ನವರಾತ್ರಿಲಿ ಸರಸ್ವತಿ ಪೂಜೆ ಇಟ್ಕೊಂಡಿದ್ದೀನಿ, ಬಾ ಅತ್ತೆ. ನಿನ್ನ ಮೊಮ್ಮಗಳು ಹುಟ್ಟಿದ ಗಂಟೆ ನನ್ನ ಹತ್ರ ಬರೆದಿಟ್ಟದೆ. ಮದ್ದೂರಿನೋರು ನನ್ನ ಕೇಳ್ತಾರಂತೆ." ಆ ಕಡೆಯಿಂದ "ಬತ್ತೀನಿ" ಎಂದಳು.

ಸರಸ್ವತಿಯನ್ನು ಕೂರಿಸುವುದು ಯಾವ ನಕ್ಷತ್ರದ ದಿನ ಗೊತ್ತೇ? ಮೂಲಾ. ದೇವರನ್ನು ಒಳಗೆ ಕರೆಯಲು ಆಗುವ ನಕ್ಷತ್ರ, ನನ್ನನ್ನು ಕರೆಯಲು ಆಗಲಿಲ್ಲ. ಆ ಸಂಜೆ ಅತ್ತೆಯನ್ನು ಅವಳ ಮಗ ಕಾರಿನಲ್ಲಿ ತಂದು ಬಾಗಿಲಲ್ಲಿ ಇಳಿಸಿ, ಪೇಟೆಯಲ್ಲಿ ಕೆಲಸ ಇದೆ ಎಂದು ಹೋದ. ಅತ್ತೆಗೆ ಈಗ ಎಂಬತ್ತರ ಹತ್ತಿರ. ಮೊಣಕಾಲು ನೋವು. ಆದರೂ ಇಪ್ಪತ್ತೊಂದು ಮೆಟ್ಟಿಲು ಹತ್ತಿಸಿದೆ. ಒಂದು ಮೆಟ್ಟಿಲಿಗೂ ಕೈ ಕೊಡಲಿಲ್ಲ.

ಅರ್ಧ ಚಂದ್ರ ತೆಂಕಣದಲ್ಲಿತ್ತು, ಅದರ ಕೆಳಗೆ ಚೇಳಿನ ಬಾಲ. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಗುಂಡಿ ಒತ್ತಿದೆ. ಯಂತ್ರ ತಾನಾಗಿ ತಿರುಗಿದ್ದು ಕಂಡು ಅವಳು ಬೆಚ್ಚಿ ಸೆರಗು ಹಿಡಿದುಕೊಂಡಳು.

"ಆಪರೇಷನ್ ಆದ ಕಣ್ಣಲ್ಲಿ ನೋಡು ಅತ್ತೆ. ಏನು ಕಾಣ್ತದೆ?"

"ಏನೋ ಚುಕ್ಕಿ ಕಣವ್ವ."

"ಇನ್ನೇನೂ ಇಲ್ವಾ?"

"ಇಲ್ಲ. ಒಂದು ಚುಕ್ಕಿ ಅದೆ."

"ಅದೇ ಮೂಲಾ. ನಂದೂ ಅದೇ, ನಿನ್ನ ಮೊಮ್ಮಗಳದ್ದೂ ಅದೇ. ಯಾರನ್ನ ಕೊಲ್ಲೋ ಹಂಗೈತೆ ಅದು, ಹೇಳು. ಜಗುಲಿ ಮೇಲೆ ಆಡಿದ್ದು, ಹೆಣದ ಮುಂದೆ ಆಡಿದ್ದು, ಎರಡೂ ಸುಳ್ಳು ಅಂತ ನಿನ್ನ ಬಾಯಲ್ಲಿ ಹೇಳು. ಆಮೇಲೆ ಮದ್ದೂರಿನ ಮಾತು ನೋಡೋಣ."

ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಕಾದೆ.

"ಸುಳ್ಳೇ ಕಣವ್ವ," ಎಂದಳು. "ನಂಗೆ ಆವಾಗ್ಲೇ ಗೊತ್ತಿತ್ತು. ನನ್ ಮಗ್ನೇ ಒಲ್ಲೆ ಅಂದ. ಆ ಕರೀ ಮೊಕ ದಿನಾ ನೋಡಾಕಾಗಕಿಲ್ಲ, ಕಟ್ಟುದ್ರೆ ಊರ್ ಬುಟ್ಟು ಓಯ್ತೀನಿ ಅಂದ. ಅದ ನಿಮ್ಮಪ್ಪನ್ ಮುಂದೆ ಎಂಗವ್ವ ಯೇಳ್ಲಿ? ನಕ್ಸತ್ರದ ಮ್ಯಾಲೆ ಆಕ್ದೆ. ನಕ್ಸತ್ರಕ್ಕೇನು ನೋವಾಯ್ತದಾ?"

"ಸಾವಿನ ಮನೇಲಿ ಅಂದದ್ದು?"

"ಒಂದ್ಸಲ ಆಡುದ್ ಮಾತ ಸಾದುಸ್ಬೇಕಲ್ಲ."

ಬೇಕಾದದ್ದು ಅವಳ ಬಾಯಿಂದ ಬಂದಿತ್ತು. ಆದರೆ ಮೂವತ್ತು ವರ್ಷ ಒಂದು ಚುಕ್ಕಿಯನ್ನೂ ಒಬ್ಬ ಮುದುಕಿಯನ್ನೂ ಬೈದುಕೊಂಡು ಬಂದಿದ್ದೆ, ಆ ಇಡೀ ಕಾಲ ನಿಜವಾದ ಆಸಾಮಿ ಹಬ್ಬ ಮದುವೆಗಳಲ್ಲಿ ನನ್ನ ಕೈಯಿಂದಲೇ ಬಡಿಸಿಕೊಂಡು, ಚೆನ್ನಾಗಿದ್ದೀಯಾ ಎಂದು ಕೇಳಿಕೊಂಡು ಓಡಾಡಿದ್ದ. ನಕ್ಷತ್ರ ಸರಿಯಿಲ್ಲ ಅನ್ನಿಸಿಕೊಂಡು ಬದುಕಬಹುದು. ಮುಖ ನೋಡಲಾಗದು ಅನ್ನುವುದು ಐವತ್ತೆರಡನೇ ವಯಸ್ಸಿನಲ್ಲಿ ಕೇಳಿದರೂ ಉರಿಯುತ್ತದೆ. ಮೈಯೆಲ್ಲ ಉರಿಯಿತು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅವನೇ. ತಾಯಿಯನ್ನು ಕರೆದೊಯ್ಯಲು ಬಂದಿದ್ದ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ. ಮಗಳ ವಿಷಯ ನನ್ನ ಕೈಯಲ್ಲಿದೆ ಎಂದು ಅವನಿಗೂ ಗೊತ್ತು. ಹಲ್ಲು ಕಿರಿಯುತ್ತ ಬಂದ.

"ಬೋ ಚೆಂದಾಗದೆ ಮಿಷಿನ್ನು. ನಾನೂ ಒಸಿ ನೋಡ್ಲಾ?"

ನಾನು ಸ್ವಿಚ್ಚು ಆರಿಸಿದೆ. ಗಾಜಿಗೆ ಮುಚ್ಚಳ ಹಾಕಿದೆ.

"ಮೋಡ ಬಂತಲ್ಲ," ಎಂದೆ.

ಅವನು ತಲೆ ಎತ್ತಿದ. ಚಂದ್ರನ ಬೆಳಕು ನೇರ ಅವನ ಮುಖದ ಮೇಲೇ ಬೀಳುತ್ತಿತ್ತು. ತಾಯಿಯ ಕಡೆ ನೋಡಿದ, ಅವಳು ನೆಲ ನೋಡುತ್ತಿದ್ದಳು. ನನ್ನ ಕಡೆ ನೋಡಿದ. ನಾನು ಕಣ್ಣು ಕೀಳಲಿಲ್ಲ, ನನ್ನ ಮುಖವನ್ನು ಅವನು ಚೆನ್ನಾಗಿ ನೋಡಲಿ ಎಂದು ಎದುರಿಗೇ ನಿಂತೆ.

"ಔದು," ಎಂದ. "ಮೋಡ ಬಂದದೆ."

"ಎಲ್ಲಿ, ತೋರಿಸು."

ಅವನು ಕೈ ಎತ್ತಿ ಚಂದ್ರನ ಪಕ್ಕದ ಖಾಲಿ ಆಕಾಶಕ್ಕೆ ಬೆರಳು ಮಾಡಿದ. ಸಾಕು ಎಂದು ನಾನು ಹೇಳುವವರೆಗೂ ಇಳಿಸಲಿಲ್ಲ.