ಹತ್ತಿಯಮ್ಮನ ಮನೆಯ ಡಬ್ಬಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತ ಆಯಾ ಒಬ್ಬರು ಮಡಿಲಲ್ಲಿ ಹತ್ತಿಯ ಸುರುಳಿ ಬಿಚ್ಚಿಕೊಂಡಿದ್ದಾರೆ. ಒಂದು ಚೂರು ಹರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಪಕ್ಕದ ಡಬ್ಬಕ್ಕೆ ಹಾಕುತ್ತಾರೆ. ಮತ್ತೆ ಇನ್ನೊಂದು. ಕೈ ತನ್ನ ಪಾಡಿಗೆ ತಾನು ಓಡುತ್ತಿದೆ, ಬಾಯಿ ಇವರ ಬಗ್ಗೆ ಬರೆಯಲು ಬಂದ ನನ್ನನ್ನು ವಿಚಾರಿಸಿಕೊಳ್ಳುತ್ತಿದೆ. ಚಾ ಆಯ್ತಾ, ಇಷ್ಟು ಬೇಗ ಎದ್ದು ಬರೋಕೆ ನಿಮಗೇನು ಬಂದಿತ್ತು ಎಂದು ರೇಗಿಸುತ್ತಾರೆ.

ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕಿಟಕಿ ಈ ಕಟ್ಟಡದ ಕೊನೆಯಲ್ಲಿದೆ. ಅಲ್ಲಿ ನೆಲ ಒರೆಸುವುದು, ಬೆಂಚು ಸರಿಮಾಡುವುದು, ಸರದಿ ಕೂಗುವುದು ಇವರ ಕೆಲಸ. ಹತ್ತಿ ಯಾರೂ ಹೇಳಿದ ಕೆಲಸವಲ್ಲ. ಆದರೂ ಇಲ್ಲಿಗೆ ಬರುವವರಿಗೆಲ್ಲ ಇವರು ಹತ್ತಿಯಮ್ಮ. ಕಿಟಕಿಯಲ್ಲಿ ಮಾತ್ರೆಯ ಡಬ್ಬಿ ಕೈಗೆ ಬಂದವರಲ್ಲಿ ಹೆಚ್ಚಿನವರು ನೇರ ಇವರ ಹತ್ತಿರ ಬರುತ್ತಾರೆ. ಇವರು ಮುಚ್ಚಳ ತೆಗೆದು, ಉಂಡೆಯೊಂದನ್ನು ಒಳಗೆ ಕೂರಿಸಿ, ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುತ್ತಾರೆ. ಸದ್ದು ಬರಬಾರದು.

"ಬಸ್ಸಲ್ಲಿ ಚೀಲದೊಳಗಿಂದ ಗಲಗಲ ಅಂದ್ರೆ ಪಕ್ಕದವರು ಕಿವಿ ನಿಮಿರಿಸ್ತಾರೆ. ಯಾವ ಮಾತ್ರೆ, ಯಾರಿಗೆ, ಏನಾಗಿದೆ ಅಂತ ಶುರು. ಈ ಕಾಟ ಬೇಡ ಅಂತ ಕೆಲವರು ಡಬ್ಬೀನೇ ದಾರೀಲಿ ಬಿಸಾಕಿ, ಮಾತ್ರೆ ಕಾಗದದಲ್ಲಿ ಕಟ್ಕೊಂಡು ಹೋಗ್ತಿದ್ರು" ಎನ್ನುತ್ತಾರೆ ಹತ್ತಿಯಮ್ಮ.

ಶುರುವಿನಲ್ಲಿ ಕಿಟಕಿಯ ಔಷಧಗಾರ ಇವರಿಗೆ ಚೆನ್ನಾಗಿ ಬೈದಿದ್ದರಂತೆ. ಹತ್ತಿ ತೇವ ಹಿಡಿಯುತ್ತದೆ, ಮಾತ್ರೆ ಕೆಡುತ್ತದೆ ಎಂದು ಅವರ ವಾದ. ಮಾತು ಸರಿಯೇ ಇತ್ತು, ಹತ್ತಿಯಮ್ಮ ಒಪ್ಪಿಕೊಂಡರು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಹತ್ತಿ ದಾರಿಗೆ ಮಾತ್ರ. ಮನೆ ಮುಟ್ಟಿದ ಕೂಡಲೇ ಅದನ್ನು ತೆಗೆದು ಎಸೆದು ಮುಚ್ಚಳ ಬಿಗಿ ಮಾಡಬೇಕು, ತೇವ ಹೀರುವ ಪುಟ್ಟ ಪೊಟ್ಟಣವನ್ನು ಒಳಗೇ ಬಿಡಬೇಕು, ಒಲೆಯ ಹತ್ತಿರ ಇಡಬಾರದು. ಇದನ್ನು ಪ್ರತಿಯೊಬ್ಬರಿಗೂ ಹೇಳಿಯೇ ಡಬ್ಬಿ ಕೈಗಿಡುತ್ತಾರೆ. ಜೊತೆಗೆ ಇನ್ನೆರಡು ಮಾತು: ಮೈ ಹಗುರಾಯಿತೆಂದು ಮಾತ್ರೆ ನಿಲ್ಲಿಸಬೇಡಿ, ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡೆರಡು ನುಂಗಬೇಡಿ. ಎದೆಯುರಿಯ ಮಾತ್ರೆಯನ್ನು ಇದರ ಜೊತೆ ತಗೋಬಹುದಾ ಎಂದು ಯಾರಾದರೂ ಕೇಳಿದರೆ, ಅದೆಲ್ಲ ನನಗೆ ಗೊತ್ತಾಗಲ್ಲ, ಒಳಗೆ ಕೇಳದೆ ಏನೂ ತಗೋಬೇಡಿ ಎಂದು ಕಿಟಕಿಯತ್ತ ಕೈ ತೋರಿಸುತ್ತಾರೆ.

ನಿನಗೂ ಇದೆಯಾ ಎಂದು ಎಷ್ಟೋ ಮಂದಿ ಇವರನ್ನು ಕೇಳಿದ್ದುಂಟು. "ಇದ್ರೇನು, ಇಲ್ದಿದ್ರೇನು? ಕಸ ಅಂತೂ ಹಾಗೇ ಬೀಳತ್ತೆ, ನಾನೇ ಗುಡಿಸ್ಬೇಕು" ಎಂದು ನಗುತ್ತಾರೆ. ಇವರಿಗಿಲ್ಲ. ಇದ್ದದ್ದು ತಂಗಿಗೆ.

ತಂಗಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಸಂಜೆ ಗೇಟಿನಲ್ಲಿ ಎಲ್ಲರ ಚೀಲ ಅಲ್ಲಾಡಿಸಿ ನೋಡುತ್ತಿದ್ದರು. ಒಂದು ದಿನ ಅವಳ ಚೀಲ ಗಲಗಲ ಎಂದಿತು. ಏನಮ್ಮಾ, ಔಷಧಿ ಅಂಗಡಿ ಇಟ್ಟಿದ್ದೀಯಾ ಎಂದ ಕಾವಲುಗಾರ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ ಎನ್ನುತ್ತಾರೆ ಹತ್ತಿಯಮ್ಮ. ಆದರೆ ಮರುದಿನದಿಂದ ತಂಗಿ ಡಬ್ಬಿ ಒಯ್ಯಲಿಲ್ಲ. ಪಾಳಿ ಬದಲಾದಾಗಲೆಲ್ಲ ಹೊತ್ತು ತಪ್ಪಿತು, ತಪ್ಪಿ ತಪ್ಪಿ ನಿಂತೇ ಹೋಯಿತು. ಅವಳು ತೀರಿಕೊಂಡಾಗ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ಹುಟ್ಟುವಾಗಲೇ ಮಗುವಿಗೂ ಸೋಂಕು ಬಂದಿತ್ತು. ಆ ಮಗುವನ್ನು ಎತ್ತಿಕೊಂಡು ಮಾತ್ರೆಗೆಂದು ಈ ಕಿಟಕಿಗೆ ಬರುತ್ತಿದ್ದ ದೊಡ್ಡಮ್ಮ ಇಲ್ಲೇ ಆಯಾ ಕೆಲಸಕ್ಕೆ ಸೇರಿಕೊಂಡರು. ಅವರು ಹತ್ತಿ ಹಾಕಿದ ಮೊದಲ ಡಬ್ಬಿ ಆ ಮಗುವಿನದೇ.

ಮಗು ಈಗ ಬೆಳೆದು ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿ ಮನೆಯಿಂದ ದೂರವಾಯಿತೆಂದು ಕಳೆದ ವರ್ಷ ಹಾಸ್ಟೆಲ್ ಸೇರಿದಳು. ದೊಡ್ಡಮ್ಮನೇ ಹತ್ತಿ ಹಾಕಿ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಮಾತ್ರೆ ತಗೊಂಡ್ಯಾ ಎಂದರೆ ಫೋನಿನಲ್ಲಿ ಹೂಂ ಎನ್ನುತ್ತಿದ್ದಳು. ಒಮ್ಮೆ ಮನೆಗೆ ಬಂದಾಗ ಅವಳ ಚೀಲ ಒಗೆಯಲು ತೆಗೆದರೆ ತಳದಲ್ಲಿ ಡಬ್ಬಿಗಳು ಸಿಕ್ಕವು. ಅಲ್ಲಾಡಿಸಿದರು, ಸದ್ದಿಲ್ಲ. ಖಾಲಿಯಾಗಿರಬೇಕು ಎಂದುಕೊಂಡು ಮುಚ್ಚಳ ತೆಗೆದರು.

"ನಾನು ಒತ್ತಿದ ಹೆಬ್ಬೆರಳ ಗುಳಿ ಹಾಗೇ ಇತ್ತು ನೋಡಿ. ಹತ್ತಿ ತೆಗೆದೇ ಇರಲಿಲ್ಲ ಹುಡುಗಿ. ಕೆಳಗೆ ಎಲ್ಲಾ ಮಾತ್ರೆ ಇದ್ವು."

ಇದನ್ನು ಹೇಳುವಾಗ ಅವರ ಕೈ ಮೊದಲ ಸಲ ನಿಲ್ಲುತ್ತದೆ. ಯಾರಾದರೂ ಡಬ್ಬಿ ನೋಡಿದರಾ, ಏನಾದರೂ ಅಂದರಾ ಎಂದು ಕೇಳಿದರೆ ಹುಡುಗಿ ಇಲ್ಲವೆಂದು ತಲೆಯಾಡಿಸಿದಳಂತೆ. ಆಮೇಲೆ ಹೇಳಿದಳಂತೆ, "ಬುದ್ಧಿ ಬಂದಾಗಿಂದ ನುಂಗ್ತಾನೇ ಇದೀನಿ ದೊಡ್ಡಮ್ಮ. ಒಂದಷ್ಟು ದಿನ ಏನೂ ಇಲ್ಲದವಳ ಥರ ಇರ್ಬೇಕು ಅನ್ನಿಸ್ತು."

ಅಂದಿನಿಂದ ಹತ್ತಿಯಮ್ಮನನ್ನು ಒಂದೇ ಕೊರಗು ತಿನ್ನುತ್ತಿದೆ. ಚಿಕ್ಕಂದಿನಿಂದ ಆ ಡಬ್ಬಿಗೆ ಹತ್ತಿ ತುರುಕಿ ತುರುಕಿ, ಬಚ್ಚಿಡುವುದನ್ನು ಕಲಿಸಿದ್ದು ತಾನೇ ಅಲ್ಲವೇ ಎಂದು. ನಾನು ಸಮಾಧಾನ ಹೇಳಲು ಹೋದರೆ ಸುಮ್ಮನಿರಿ ಎಂಬಂತೆ ಕೈ ಆಡಿಸುತ್ತಾರೆ. ಹತ್ತಿ ನಿಲ್ಲಿಸಿಬಿಡೋಣ ಎಂದೂ ಅನ್ನಿಸಿತ್ತಂತೆ. ಆದರೆ ಬಸ್ಸು ಹತ್ತುವವರು ಎದುರಿಗೆ ಬಂದು ನಿಂತಾಗ ಹೇಗೆ ಇಲ್ಲವೆನ್ನುವುದು?

ಹುಡುಗಿಯ ರಕ್ತದಲ್ಲಿ ವೈರಸ್ ಏರಿದೆ. ನಡುವೆ ಇಷ್ಟು ದಿನ ಬಿಟ್ಟಿದ್ದರಿಂದ ಹಳೆಯ ಮಾತ್ರೆ ಇನ್ನು ನಾಟದಿರಬಹುದು ಎಂದ ವೈದ್ಯೆ ಬೇರೆ ಮಾತ್ರೆ ಬರೆದಿದ್ದಾರೆ. ಅದು ಹಿಡಿದಿದೆಯೋ ಇಲ್ಲವೋ ತಿಳಿಯಲು ಮತ್ತೆ ರಕ್ತ ಕೊಟ್ಟು ಬಂದಿದ್ದಾಳೆ, ವರದಿ ಇನ್ನೂ ಬರಬೇಕು. ಸದ್ಯ ಹಾಸ್ಟೆಲ್ ಬಿಟ್ಟು ಮನೆಯಲ್ಲಿದ್ದಾಳೆ. ದೊಡ್ಡಮ್ಮ ಪಕ್ಕದಲ್ಲಿ ನಿಂತು ನುಂಗಿಸುತ್ತಾರೇನೋ ಎಂದುಕೊಂಡಿದ್ದೆ. ಇಲ್ಲ. ಕಾವಲು ಕಾದರೆ ಹುಡುಗಿ ಮತ್ತೆ ದೂರವಾಗುತ್ತಾಳೆಂಬ ಭಯ ಅವರಿಗೆ.

ರಜೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆ, ನಡುವೆ ಪರದೆ. ಹುಡುಗಿ ತುಂಬಾ ಇಳಿದುಹೋಗಿದ್ದಾಳೆ, ಅಂಗಿ ಹೆಗಲ ಮೇಲೆ ನಿಲ್ಲುತ್ತಿಲ್ಲ. ನನ್ನ ವಿಷಯ ಬಿಡದೆ ಬರೀರಿ, ದೊಡ್ಡಮ್ಮ ಮಾತ್ರ ಅಳೋ ಹಾಗೆ ಮಾಡ್ಬೇಡಿ ಎಂದು ಹೇಳಿ ಒಳಗೆ ಹೋಗುತ್ತಾಳೆ. ಪಾತ್ರೆ ತೊಳೆಯುತ್ತಿದ್ದ ಹತ್ತಿಯಮ್ಮ ಗಡಿಯಾರ ನೋಡಿ ನಲ್ಲಿ ನಿಲ್ಲಿಸುತ್ತಾರೆ. ನನಗೂ ಮಾತಾಡಬೇಡಿ ಎಂದು ಕಣ್ಣಲ್ಲೇ ಹೇಳುತ್ತಾರೆ. ಸೋಪಿನ ನೊರೆ ಮೊಣಕೈಯಿಂದ ತೊಟ್ಟಿಕ್ಕುತ್ತಿದೆ.

ಪರದೆಯಾಚೆ ಡಬ್ಬಿ ಗಲಗಲ ಎನ್ನುತ್ತದೆ. ಬೇಕೆಂದೇ ಇನ್ನೊಮ್ಮೆ, ಜೋರಾಗಿ.

"ಕೇಳಿಸ್ತಾ ದೊಡ್ಡಮ್ಮ?"

"ಕೇಳಿಸ್ತು ಕಣೆ, ನೀರು ಕುಡಿ."

ನಲ್ಲಿ ಮತ್ತೆ ತಿರುಗಿಸಿ, ನನ್ನ ಕಡೆ ನೋಡದೆ ಹತ್ತಿಯಮ್ಮ ಹೇಳುತ್ತಾರೆ, "ಈ ಸದ್ದಿಗೆ ಹೆದರಿ ನನ್ನ ತಂಗಿ ಹೋದ್ಲು. ಈಗ ದಿನಾ ಬೆಳಿಗ್ಗೆ ಇದು ಕೇಳಿಸ್ತಾ ಇರ್ಲಿ. ಇನ್ನೇನೂ ಬೇಡ ನಂಗೆ."