ದೇವಮ್ಮನ ಹೂಂ

ಕಾಲೇಜಿನಲ್ಲಿ ಧ್ವನಿಶಾಸ್ತ್ರ ಕಲಿಸುವವನ ಕಿವಿ ವಿಲಾಯತಿಯಲ್ಲೇ ತಯಾರಾಗಿರಬೇಕು ಎಂದು ಜನ ನಂಬುತ್ತಾರೆ. ಆ ನಂಬಿಕೆ ಕೆಡಿಸಲು ನಾನೂ ಹೋಗುವುದಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನನ್ನ ಕಿವಿ ತಯಾರಾದದ್ದು ಅಂಕೋಲೆಯ ಮೀನುಪೇಟೆಯಲ್ಲಿ.

ತಾಯಿ ಗದ್ದೆಗೆ ಹೋದ ದಿನ ಬಂಗಡೆ ತರುವ ಹೊಣೆ ನನ್ನದು. ಮೀನು ಮಾರುವ ದೇವಮ್ಮ ಎಂಥ ಚೌಕಾಸಿಗೂ ಒಂದೇ ಉತ್ತರ ಕೊಡುತ್ತಿದ್ದಳು: 'ಹೂಂ'. ದನಿ ಇಳಿದರೆ, ತಗೊಂಡು ಹೋಗು. ಏರಿದರೆ, ಇನ್ನೂ ಸ್ವಲ್ಪ ಮೇಲೆ ಬಾ. ಏರಿ ಇಳಿದರೆ, ನಿನ್ನ ಮುಖಕ್ಕೆ ಬಂಗಡೆ ಬೇರೆ! ಉದಾತ್ತ, ಅನುದಾತ್ತ, ಸ್ವರಿತ ಎಂದು ಹಿಂದಿನವರು ವೇದಕ್ಕೆ ಹೇಳಿದ ಮೂರು ಸ್ವರಗಳು ದೇವಮ್ಮನ ಬುಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದವು. ಇದು ನನಗೆ ತಿಳಿದದ್ದು ಎಂ.ಎ. ಮುಗಿಸಿದ ಮೇಲೆ.

ಧಾರವಾಡದಲ್ಲಿ ಕೆಲಸ ಕೇಳಲು ಹೋದಾಗ ಪ್ರಿನ್ಸಿಪಾಲರು ಮುಖ ಹುಳ್ಳಗೆ ಮಾಡಿದರು. "ನಿಮ್ಮ ಮಾತು ಹಾಡಿದಂಗ ಐತ್ರೀ. ನೀವು ಹುಡುಗರಿಗೆ ಉಚ್ಚಾರ ಏನ್ ಕಲಸ್ತೀರಿ?"

ನಾನು ಪೇಟೆಯ ವರಸೆಯನ್ನೇ ತೆಗೆದೆ. "ಒಂದು ಟರ್ಮ್ ಕೊಡಿ ಸರ್. ಒಪ್ಪಿಗೆಯಾಗದಿದ್ದರೆ ನಾನಾಗಿಯೇ ಹೋಗುತ್ತೇನೆ."

ಕೊಟ್ಟರು. ಕರಿಹಲಗೆಯ ಮೇಲೆ ಇಳಿಯುವುದೊಂದು, ಏರುವುದೊಂದು, ಏರಿ ಇಳಿಯುವುದೊಂದು ಹೀಗೆ ಮೂರು ಗೆರೆ ಎಳೆದು ಬಿ.ಎ. ತರಗತಿಗೆ ಮೂರು ಹೂಂ ಕಲಿಸಿದೆ. ಇಡೀ ತರಗತಿ ಒಟ್ಟಿಗೆ ಹೂಂಗುಟ್ಟುವುದನ್ನು ಬಾಗಿಲಲ್ಲಿ ನಿಂತು ಕೇಳಿದ ಪ್ರಿನ್ಸಿಪಾಲರು ತಲೆ ಅಲ್ಲಾಡಿಸಿ ಹೋದರು. ಅಲ್ಲಾಡಿದ್ದು ಅಡ್ಡಕ್ಕೆ. ನನ್ನ ಗಂಟುಮೂಟೆ ಕಣ್ಣ ಮುಂದೆ ಬಂತು.

ರಜೆಯಲ್ಲಿ ಅವರು ಹವೆ ಬದಲಿಸಲು ಕಾರವಾರಕ್ಕೆ ಬಂದರು. ಅವರಿಗೆ ಮೀನೆಂದರೆ ಪ್ರಾಣ ಎಂಬುದು ನನಗೆ ಗೊತ್ತಿತ್ತು. ಮೋಟಾರು ಹತ್ತಿಸಿ ಅಂಕೋಲೆಗೆ ಕರೆತಂದು ಸೀದಾ ದೇವಮ್ಮನ ಬುಟ್ಟಿಯ ಮುಂದೆ ಇಳಿಸಿದೆ. ಅವರು ದರ ಹೇಳಿದರು. ಅವಳು ಹೂಂ ಎಂದಳು. ಅವರು ಬುಟ್ಟಿಗೆ ಕೈ ಹಾಕಿದರು.

"ಕೈ ತೆಗೀರಾ! ನಾ ಕೊಡ್ತೆ ಅಂದ್ನಾ?"

"ಏನ್ರೀ ಇದು, ಆಕೀನ ಹೂಂ ಅಂದ್ಳಲ್ಲ!"

"ಸರ್, ಅದು ಮೂರನೆಯ ಹೂಂ."

ಪ್ರಿನ್ಸಿಪಾಲರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಕಿವಿ ಮುಂದೆ ಮಾಡಿ, ಚೌಕಾಸಿ ಮುಂದುವರಿಸಿದರು. ಎರಡನೆಯ ಹೂಂ ಬಂತು. ಕೈ ಚಾಚಲಿಲ್ಲ. ದರ ಏರಿಸಿದರು. ಕೊನೆಗೆ ದನಿ ಇಳಿಯಿತು. "ಮೊದಲ್ನೇದು!" ಎಂದು ಪಿಸುಗುಟ್ಟಿ ಮೀನು ಎತ್ತಿಕೊಂಡರು.

ಸಮಯ ನೋಡಿ ಕೇಳಬೇಕು. ಇದು ಎಳೆಯ ಅಧ್ಯಾಪಕರಿಗೆ ನನ್ನ ಸಲಹೆ. "ನನ್ನ ಕೆಲಸ, ಸರ್?" ಎಂದೆ.

"ಹೂಂ" ಎಂದರು. ದನಿ ಇಳಿದಿತ್ತು. ಅವರು ನನ್ನ ಅತ್ಯುತ್ತಮ ವಿದ್ಯಾರ್ಥಿ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ.

ಮುಂದಿನ ರಜೆಯಲ್ಲಿ, "ದೇವಮ್ಮಾ, ನಿನ್ನ ಹೂಂ ಈಗ ಕಾಲೇಜಿನಲ್ಲಿ ಪಾಠ" ಎಂದೆ. ಅವಳು ಮೀನಿನ ಮೇಲಿನ ನೊಣ ಓಡಿಸುತ್ತ "ಹೂಂ" ಎಂದಳು. ಅದು ಏರಲಿಲ್ಲ, ಇಳಿಯಲಿಲ್ಲ. ಅಂದಿನಿಂದ ಕರಿಹಲಗೆಯ ಮೇಲೆ ನಾಲ್ಕನೆಯ ಗೆರೆಗೆ ಜಾಗ ಬಿಟ್ಟಿದ್ದೇನೆ.